ಭಂಗಾರ ಸಾಮಾನಿನಿಂದ ಶಬ್ದದ ಡಬ್ಬಿ: ಎಲ್ಲಿ ತಪ್ಪಲಕತ್ತೀರಿ, ಹೆಂಗ ಸರಿ ಮಾಡೋದು

ಸೀದಾ ವಿಷಯಕ್ಕೇ ಬರ್ತೀನ್ರಿ. ಭಂಗಾರ (ಗುಜರಿ) ಅಂಗಡ್ಯಾಗ ಸಿಗೋ ಹಳೇ ಎಲೆಕ್ಟ್ರಾನಿಕ್ ಸಾಮಾನು ಒಂದು ಎಣ್ಣಿ ಡಬ್ಬಿಗಿ ಕೂಡಿಸಿ, ಥರಥರದ ಶಬ್ದ ಹೊರಡಿಸೋದೇ ಶಬ್ದದ ಡಬ್ಬಿ. ಹೋದ ಎರಡು ವರ್ಷದಾಗ ಕಲಬುರಗಿಯ ನಮ್ಮ ಮನಿಗೆ ಡಬ್ಬಿ ಹಿಡ್ಕೊಂಡು ಬಂದವರು ಭಾಳ ಮಂದಿ, ಕಾಲೇಜ್ ಹುಡುಗರು, ಒಬ್ಬರು ಡ್ರಾಯಿಂಗ್ ಸರ್, ರಿಟೈರ್ ಆದ ಮ್ಯಾಲ ಟೈಮ್ ಹೋಗವಲ್ದು ಅಂತ ಬಂದ ಒಬ್ಬ ಕಾಕಾ. ಎಲ್ಲಾರ ಡಬ್ಬಿದಾಗೂ ಒಂದೇ ಕತಿ. ಒಳಗ ಶಾವಗಿ ಹಂಗ ವೈರ್, ನಡುವ ಒಂದು ಸುಟ್ಟ ಐಸಿ (ಕಾಲಿರೋ ಸಣ್ಣ ಕರೀ ಚಿಪ್), ಮತ್ತ ಅದೇ ಪ್ರಶ್ನೆ: "ಎಲ್ಲಾ ಬರೋಬ್ಬರಿ ಜೋಡಿಸೀನ್ರಿ, ಆದ್ರೂ ಯಾಕ ಮಾತಾಡವಲ್ದು?" ಕೆಲವು ಡಬ್ಬಿ ಮಾತಾಡ್ತಾವ, ಆದ್ರ ಬರೇ ಗುಂಯ್ ಅಂತಾವ, ಅದು ಇನ್ನೂ ಕಿರಿಕಿರಿ.

ನಾ ನೋಡಿದ್ದರಾಗ ಹತ್ತರಾಗ ಎಂಟು ಡಬ್ಬಿ ಕೆಟ್ಟಿದ್ದು ವೈರಿಂಗ್ ತಪ್ಪಾಗಿ ಅಲ್ಲ, ಸರದಿ ತಪ್ಪಾಗಿ. ಎಲ್ಲಾರೂ ಮೊದ್ಲ ಶಬ್ದ ಮಾಡೋ ಸಾಮಾನು ಬಿಚ್ತಾರ, ಆಟಿಗಿ ಬಿಚ್ತಾರ, ಹಾರ್ಡ್ ಡಿಸ್ಕ್ ಬಿಚ್ತಾರ, ಕೊನೀಗಿ ಎಲ್ಲಾ ಸೇರಿಸಿ ಒಂದು ಸ್ಪೀಕರ್‌ಗೆ ಹಚ್ತಾರ. ಶಬ್ದ ಬರಲಿಲ್ಲಾಂದ್ರ ತಪ್ಪು ಎಲ್ಲಿ ಅದ ಅಂತ ಹುಡುಕೋದು ಹೆಂಗ? ಮೊದ್ಲ ಕಿವಿ ಕಟ್ಟಬೇಕ್ರಿ, ಆಮ್ಯಾಗ ಬಾಯಿ. ಬಾಯಿ ಅಂದ್ರ ಶಬ್ದ ಹುಟ್ಟಸೋ ಸಾಮಾನು. ಕಿವಿ ಅಂದ್ರ ಸಣ್ಣ ಶಬ್ದ ದೊಡ್ಡದು ಮಾಡೋ ಆಂಪ್ಲಿಫೈಯರ್ (ಆಂಪ್) ಮತ್ತು ಸ್ಪೀಕರ್, ಇದು ಖಾತ್ರಿ ಕೆಲಸ ಮಾಡ್ತದ ಅಂತ ಗೊತ್ತಾದ ಮ್ಯಾಲೇ ಮುಂದಿನ ಹೆಜ್ಜಿ. ಕೆಳಗಿಂದೆಲ್ಲಾ ಅದೇ ಸರದಿದಾಗ ಅದ, ನಡುವಿಂದು ಹಾರಿಸಬ್ಯಾಡ್ರಿ.

ಹಂತ 1: ಯಾವುದನ್ನ ಮುಟ್ಟಬಾರದು

ಇದನ್ನ ಓದದೇ ಮುಂದ ಹೋಗೋರು ಭಾಳ, ಅದಕ್ಕೇ ಮೊದ್ಲ ಇಟ್ಟೀನಿ.

ದಪ್ಪ ಬೆನ್ನಿನ ಹಳೇ ಟಿವಿ ಮತ್ತು ಹಳೇ ಕಂಪ್ಯೂಟರ್ ಮಾನಿಟರ್ ಬಿಚ್ಚಬ್ಯಾಡ್ರಿ. ಬಣ್ಣದ ಟಿವಿ ಪಿಕ್ಚರ್ ಟ್ಯೂಬ್‌ಗೆ 20,000 ವೋಲ್ಟ್ ಮ್ಯಾಲ ಹೋಗ್ತದ, ಪ್ಲಗ್ ತೆಗೆದು ದಿನಗಟ್ಟಲೆ ಆದ್ರೂ ಒಳಗ ಕರೆಂಟ್ ಕುಂತಿರ್ತದ, ಟ್ಯೂಬ್ ಒಡದ್ರ ಗಾಜು ಮುಖಕ್ಕ ಹಾರ್ತದ. ಮೈಕ್ರೋವೇವ್ ಓವನ್‌ದು ಇನ್ನೂ ಕೆಟ್ಟ, ಅದರ ಕಂಡೆನ್ಸರ್ 2,000 ವೋಲ್ಟ್ ಆಸುಪಾಸು ಹಿಡ್ಕೊಂಡಿರ್ತದ, ಜೀವಕ್ಕೇ ಕುತ್ತು. ಕಂಪ್ಯೂಟರ್ ಎಸ್‌ಎಂಪಿಎಸ್ (ಪವರ್ ಸಪ್ಲೈ), ಎಲ್‌ಇಡಿ ಟಿವಿ ಪವರ್ ಬೋರ್ಡ್, ಚಾರ್ಜರ್, ಇವುಗಳ ಒಳಗ ನಮ್ಮ ಮನಿ 230 ವೋಲ್ಟ್ ಎಸಿ ಕರೆಂಟ್ ಡಿಸಿಗೆ ತಿರುಗಿ ಸುಮಾರು 325 ವೋಲ್ಟ್ ಆಗಿರ್ತದ. ಫ್ಲ್ಯಾಶ್ ಇರೋ ಹಳೇ ಕ್ಯಾಮೆರಾನೂ ಸಣ್ಣದು ಅಂತ ತಿಳ್ಕೋಬ್ಯಾಡ್ರಿ, ಅದರ ಕಂಡೆನ್ಸರ್‌ದಾಗ 300 ವೋಲ್ಟ್ ಇರ್ತದ. ನಾ ಒಮ್ಮೆ ಹೊಡಿಸ್ಕೊಂಡೀನಿ, ಕೈಯಾಗಿನ ಪೇಚ್‌ಕಸ್ ಪಕ್ಕದ ಖೋಲಿಗೆ ಹೋಗಿ ಬಿತ್ತು.

ಉಬ್ಬಿದ ಮೊಬೈಲ್ ಬ್ಯಾಟರಿ ಕಂಡ್ರ ಚುಚ್ಚೋದು, ಒತ್ತೋದು, ಬಿಸಲಾಗ ಇಡೋದು ಯಾವುದೂ ಬ್ಯಾಡ.

ನಿಯಮ ಒಂದೇ: ಗೋಡಿ ಪ್ಲಗ್‌ಗೆ ಸೀದಾ ಹೋಗೋ ಸಾಮಾನು ಬ್ಯಾಡ, ಸೆಲ್ ಮ್ಯಾಲ ಅಥವಾ 5 ವೋಲ್ಟ್ ಯುಎಸ್‌ಬಿ ಮ್ಯಾಲ ನಡಿಯೋ ಸಾಮಾನು ಬೇಕು. ನಮ್ಮ ಡಬ್ಬಿ ಪೂರಾ ಇದರ ಒಳಗೇ ಮುಗೀತದ.

ಹಂತ 2: ಭಂಗಾರ ಅಂಗಡ್ಯಾಗ ಏನು ಕೇಳಬೇಕು

ಭಂಗಾರ ಅಂದ್ರ ನಮ್ಮ ಕಡಿ ಗುಜರಿ, ಬಂಗಾರ ಅಲ್ಲ. ಅಂಗಡಿಗಿ ಹೋಗಿ "ಎಲೆಕ್ಟ್ರಾನಿಕ್ ಏನರ ಅದ ಏನು?" ಅಂತ ಕೇಳಿದ್ರ ಒಂದು ಚೀಲ ಮದರ್‌ಬೋರ್ಡ್ ತೋರಿಸ್ತಾರ, ಅದು ನಮಗ ಉಪಯೋಗ ಇಲ್ಲ. ಹೆಸರು ಹಿಡಿದು ಕೇಳ್ರಿ:

ಯುಎಸ್‌ಬಿ ಮ್ಯಾಲ ನಡಿಯೋ ಕಂಪ್ಯೂಟರ್ ಸ್ಪೀಕರ್ ಜೋಡಿ, ಒಂದು ಕಡಿ ಸ್ಪೀಕರ್ ಹರಿದಿದ್ರೂ ನಡಿತದ. ಬೆಲ್ಟ್ ಹೋದ ವಾಕ್‌ಮನ್ ಅಥವಾ ಸೆಲ್ ಮ್ಯಾಲ ನಡಿಯೋ ಟೇಪ್ ರೆಕಾರ್ಡರ್. ಇದು ಸಿಕ್ಕರ ಅರ್ಧ ಕೆಲಸ ಆದಂಗ, ಯಾಕಂತ ಹಂತ 5ದಾಗ ಹೇಳ್ತೀನಿ. ಅಲಾರಂ ಟೈಂಪೀಸ್, ಹಾಡೋ ಗ್ರೀಟಿಂಗ್ ಕಾರ್ಡ್, ಮಾತಾಡೋ ಆಟಿಗಿ, ಇವುಗಳೊಳಗ ಹಿತ್ತಾಳಿ ಬಿಲ್ಲಿ ಹಂಗ ಇರೋ ಪೀಝೋ ಸಿಗ್ತದ, ಅದು ನಡುಗಿದ್ರ ಕರೆಂಟ್ ಹುಟ್ಟಸ್ತದ. ಸೋಲಾರ್ ಗಾರ್ಡನ್ ಲೈಟ್ ಅಥವಾ ಸೆಲ್ ಮ್ಯಾಲ ನಡಿಯೋ, ತಾನೇ ಹತ್ತೋ ನೈಟ್ ಲ್ಯಾಂಪ್ ಇದ್ರ ಒಳಗ ಬೆಳಕು ನೋಡೋ ಎಲ್‌ಡಿಆರ್ ಇರಬಹುದು. ಒಂದು ಹಾರ್ಡ್ ಡಿಸ್ಕ್, ಕಂಪ್ಯೂಟರ್‌ದು, ಲ್ಯಾಪ್‌ಟಾಪ್‌ದು ಅಲ್ಲ. ಮತ್ತ 15 ಕೆಜಿ ಎಣ್ಣಿ ಡಬ್ಬಿ, ಅದು ಕಿರಾಣಿ ಅಂಗಡ್ಯಾಗ ಸಿಗ್ತದ, ಬಿಸಿನೀರು ಸೋಪ್ ಹಾಕಿ ಎರಡು ಸರ್ತಿ ತೊಳೀರಿ. ಎಣ್ಣಿ ಜಿಡ್ಡು ಉಳದ್ರ ಯಾವ ಅಂಟೂ ಕೂಡಂಗಿಲ್ಲ.

ಸಲಕರಣಿ: 25 ವ್ಯಾಟ್ ಸೋಲ್ಡರಿಂಗ್ ಐರನ್, ಲೆಡ್ (ಬೆಸುಗಿ ತಂತಿ), ಪೇಸ್ಟ್, ಮಲ್ಟಿಮೀಟರ್, ಪೇಚ್‌ಕಸ್ ಸೆಟ್ (ಹಾರ್ಡ್ ಡಿಸ್ಕ್‌ಗೆ ನಕ್ಷತ್ರದ ಬಾಯಿ ಇರೋ ಟಿ 8 ಬೇಕಾಗ್ತದ), ಕಟ್ಟರ್, ಪಕ್ಕಡ್, ಎರಡೂ ತುದಿಗಿ ಕ್ಲಿಪ್ ಇರೋ ವೈರ್ ಹತ್ತು. ಮಲ್ಟಿಮೀಟರ್ ಇಲ್ಲದೇ ಮಾಡ್ತೀನಿ ಅನ್ನೋರಿಗಿ ನಾ ಏನೂ ಹೇಳಂಗಿಲ್ಲ, ಕಣ್ಣು ಕಟ್ಕೊಂಡು ಹೆದ್ದಾರಿ ದಾಟೋರ್ನ ತಡಿಯೋರು ಯಾರು.

ಹಂತ 3: ಕಿವಿ ಕಟ್ಟೋದು

ಕಂಪ್ಯೂಟರ್ ಸ್ಪೀಕರ್ ತಗೋರಿ, ಆಂಪ್ ಅದರೊಳಗೇ ಇರ್ತದ. ಬಿಚ್ಚೋಕಿಂತ ಮೊದ್ಲ ಯುಎಸ್‌ಬಿಗೆ ಹಚ್ಚಿ, ಮೊಬೈಲ್‌ಲಿಂದ ಒಂದು ಹಾಡು ಹಾಕಿ ಕೇಳ್ರಿ. ಹಾಡು ಬಂತಾ, ಕಿವಿ ಜೀವಂತ ಅದ. ಬರಲಿಲ್ಲಾಂದ್ರ ಮೊದ್ಲ ಪಿನ್ನಿನ ವೈರ್ ಅನುಮಾನಿಸ್ರಿ, ಈ ಸ್ಪೀಕರ್ ಸಾಯೋದು ಹೆಚ್ಚಾಗಿ ಪಿನ್ನಿನ ಹತ್ರ ವೈರ್ ಮುರದು. ಪಿನ್ ಕತ್ತರಿಸಿ ತಗದ್ರ ಒಳಗ ಮೂರು ವೈರ್ ಸಿಗ್ತಾವ, ಎಡ, ಬಲ, ಗ್ರೌಂಡ್. ಬಣ್ಣ ನಂಬಬ್ಯಾಡ್ರಿ. ಕತ್ತರಿಸಿದ ಪಿನ್ ಇಟ್ಕೊಂಡು ಮೀಟರ್ ಬೀಪ್ ಮೋಡ್‌ದಾಗ ನೋಡ್ರಿ, ತುದಿ ಎಡ, ನಡುವಿನ ಬಳಿ ಬಲ, ಬುಡ ಗ್ರೌಂಡ್.

ಇಲ್ಲೇ ಒಂದು ದೊಡ್ಡ ಬಲಿ ಅದ, ಅರ್ಧ ಮಂದಿ ಇದರಾಗೇ ಬೀಳ್ತಾರ. ಇಂಥ ತೆಳ್ಳನ ವೈರ್, ಇಯರ್‌ಫೋನ್ ವೈರ್ ಕೂಡ, ತಾಮ್ರದ ಎಳಿ ಕೆಂಪು ಹಸರು ಬಂಗಾರ ಬಣ್ಣದಾಗ ಹೊಳಿತಾವ. ಆ ಬಣ್ಣ ವಾರ್ನಿಷ್, ಕರೆಂಟ್ ಬಿಡಂಗಿಲ್ಲ. ವೈರ್ ಸುಲಿದು, ಸುತ್ತಿ, ಟೇಪ್ ಹಚ್ಚಿ "ಜೋಡಿಸೀನ್ರಿ" ಅಂತಾರ, ಆದ್ರ ಒಂದು ಎಳಿನೂ ಇನ್ನೊಂದಕ್ಕ ತಾಗಿರಂಗಿಲ್ಲ. ಐರನ್ ತುದಿ ಮ್ಯಾಲ ಒಂದು ಹನಿ ಲೆಡ್ ಕರಗಿಸಿ ಅದರೊಳಗ ವೈರ್ ತುದಿ ಮೂರ್ನಾಲ್ಕು ಸೆಕೆಂಡ್ ಮುಳುಗಿಸ್ರಿ, ಹೊಗಿ ಬಂದು ವಾರ್ನಿಷ್ ಸುಟ್ಟು ತುದಿ ಬೆಳ್ಳಗ ಬೆಳ್ಳಿ ಹಂಗ ಆಗ್ತದ. ಬೆಳ್ಳಗ ಆಗೋ ತನಕ ಬಿಡಬ್ಯಾಡ್ರಿ. ಕಿಡಕಿ ತೆಗೆದು ಮಾಡ್ರಿ, ಆ ಹೊಗಿ ಮೂಗಿಗಿ ಛಲೋ ಅಲ್ಲ.

ಆಮ್ಯಾಗ ಬೆರಳಿನ ಪರೀಕ್ಷಾ. ಆಂಪ್ ಆನ್ ಇರಲಿ, ವಾಲ್ಯೂಮ್ ಅರ್ಧ, ಎಡದ ವೈರ್ ತುದಿ ಬೆರಳಿಗಿ ಮುಟ್ಟಿಸ್ರಿ. ಗುಂಯ್ ಅಂದ್ರ ಕಿವಿ ಕೇಳ್ಲಕತ್ತದ, ನಿಮ್ಮ ಮೈ ಮನಿ ವೈರಿಂಗಿನ 50 ಹರ್ಟ್ಸ್ ಹಿಡಿದು ಕೊಡ್ತದ, ಅಷ್ಟೇ. ಈ ಪರೀಕ್ಷಾ ಮುಂದ ಪ್ರತಿ ಹಂತದಾಗೂ ಮಾಡ್ರಿ, ಶಬ್ದ ನಿಂತಾಗ ಮೊದಲನೇ ಪ್ರಶ್ನೆ "ಕಿವಿ ಸತ್ತದೋ ಬಾಯಿ ಸತ್ತದೋ" ಅಂತ, ಬೆರಳು ಒಂದು ಸೆಕೆಂಡ್‌ದಾಗ ಉತ್ತರ ಹೇಳ್ತದ.

ಸ್ಪೀಕರ್ ಮ್ಯಾಲೇ ಅನುಮಾನ ಇದ್ರ ಅದರ ಎರಡು ಕಡ್ಡಿಗಿ ಒಂದು ಪೆನ್ಸಿಲ್ ಸೆಲ್ ತಟ್ಟನ ಮುಟ್ಟಿಸಿ ಬಿಡ್ರಿ, ಟಕ್ ಅನಬೇಕು. ಮೀಟರ್‌ದಾಗ 4 ಓಂ ಸ್ಪೀಕರ್ ಮೂರೂವರಿ ತೋರಸ್ತದ, 8 ಓಂದು ಏಳರ ಆಸುಪಾಸು. ಏನೂ ತೋರಿಸದಿದ್ರ ಕಾಯಿಲ್ ಹರದದ.

ತಪ್ಪು ಮಾಡೋ ಇನ್ನೊಂದು ಜಾಗ: ಸಣ್ಣ ಡಿಜಿಟಲ್ ಆಂಪ್ ಬೋರ್ಡ್, ಪಿಎಎಂ 8403 ಅಂತ ಮಾರ್ತಾರಲ್ಲ, ಅದರ ಸ್ಪೀಕರ್ ಮೈನಸ್ ಗ್ರೌಂಡ್ ಅಲ್ಲ. ಎರಡೂ ಸ್ಪೀಕರ್ ಮೈನಸ್ ಕೂಡಿಸಿ ಡಬ್ಬಿಗಿ ತಾಗಿಸಿದ್ರ ಬೋರ್ಡ್ ಬಿಸಿ ಆಗಿ ಹೋಗ್ತದ. ಪ್ರತಿ ಸ್ಪೀಕರ್‌ಗೆ ತನ್ನವೇ ಎರಡು ವೈರ್, ಬ್ಯಾರೆ ಎಲ್ಲೂ ತಾಗಬಾರದು.

ಹಂತ 4: ಪೀಝೋ, ಮೊದಲನೇ ಬಾಯಿ

ಟೈಂಪೀಸ್ ಬಿಚ್ಚಿದಾಗ ಕರೀ ಪ್ಲಾಸ್ಟಿಕ್ ಕುಪ್ಪಿ ಸಿಕ್ಕರ ಮೆಲ್ಲಕ ಕಟ್ಟರ್‌ಲಿಂದ ಅಂಚು ಮುರೀರಿ, ಒಳಗ ಹಿತ್ತಾಳಿ ತಗಡು, ಅದರ ನಡುವ ಬೆಳ್ಳಗಿನ ವಟ್ಟಾ. ಇಕ್ಕಳದಾಗ ಹಿಚುಕಿ ಒಡಿಬ್ಯಾಡ್ರಿ, ಬೆಳ್ಳಗಿಂದು ಸಿರಾಮಿಕ್, ಹಪ್ಪಳ ಹಂಗ ಬಿರೀತದ. ಬಿರಿದ ಪೀಝೋ ಶಬ್ದ ಕೊಡ್ತದ, ಆದ್ರ ಸಣ್ಣಗ, ತಗಡಿನ ದನಿ.

ಸೋಲ್ಡರ್ ಮಾಡೋದು ಹಿಂಗ. ಹಿತ್ತಾಳಿ ಅಂಚು ಪಾಲಿಶ್ ಪೇಪರ್‌ಲಿಂದ ತಿಕ್ಕಿ ಹೊಳಪು ಬರಿಸ್ರಿ, ಅಲ್ಲಿ ಗ್ರೌಂಡ್ ವೈರ್. ನಡುವಿನ ಬೆಳ್ಳಗಿಂದ್ರ ಮ್ಯಾಲ ಸಿಗ್ನಲ್ ವೈರ್, ಮೊದ್ಲೇ ಲೆಡ್ ಹಚ್ಚಿದ ತುದಿ ಇಟ್ಟು ಎರಡೇ ಸೆಕೆಂಡ್ ಐರನ್ ತಾಗಿಸಿ ತೆಗೀರಿ. ಅಂಟಲಿಲ್ಲ ಅಂತ ಹತ್ತು ಸೆಕೆಂಡ್ ಒತ್ತಿ ಹಿಡದ್ರ ಮ್ಯಾಲಿನ ಬೆಳ್ಳಿ ಪದರ ಎದ್ದು ಬರ್ತದ, ಆಮ್ಯಾಗ ಅಲ್ಲಿ ಜನ್ಮದಾಗ ಏನೂ ಅಂಟಂಗಿಲ್ಲ. ಹಳೇ ವೈರ್ ಜೋಡಿ ಇದ್ರ ಕಿತ್ತಬ್ಯಾಡ್ರಿ, ಅದಕ್ಕೇ ಹೊಸಾದು ಸೇರಿಸ್ರಿ.

ವೈರ್ ಯಾವುದು? ಟಿವಿಗಿ ಡಿವಿಡಿಗಿ ಹಚ್ತಿದ್ದ ಹಳದಿ ಕೆಂಪು ಬಿಳಿ ಪಿನ್ನಿನ ವೈರ್ ಎಲ್ಲಾರ ಮನ್ಯಾಗೂ ಬಿದ್ದಿರ್ತದ, ಅದು ಬರೋಬ್ಬರಿ. ನಡುವ ಒಂದು ಎಳಿ, ಸುತ್ತಲೂ ಜಾಳಗಿ. ಜಾಳಗಿ ಹಿತ್ತಾಳಿ ಅಂಚಿಗಿ, ನಡುವಿಂದು ಬೆಳ್ಳಗಿಂದಕ್ಕ. ಉಲ್ಟಾ ಮಾಡಿದ್ರೂ ಶಬ್ದ ಬರ್ತದ, ಆದ್ರ ಕೈ ತಾಗಿದಾಗೊಮ್ಮೆ ಗುಂಯ್ ಅಂತದ, ಅದು ಉಲ್ಟಾ ಆದ ಗುರುತು.

ಪೀಝೋ ಡಬ್ಬಿಗಿ ಅಂಟಸೋದು. ನಾ ಮೊದ್ಲ ಬಿಸಿ ಗ್ಲೂ ಹಚ್ತಿದ್ದೆ. ಒಂದು ಮೇ ತಿಂಗಳು ಗೆಳ್ಯಾರ ಮನಿ ಮಾಳಗಿ ಮ್ಯಾಲ ಎಂಟು ಡಬ್ಬಿ ಜೋಡಿಸಿ ಇಟ್ಟಿದ್ದೆ, ಸಂಜೀಕ ಮಂದಿ ಬಂದು ಕೇಳೋದಿತ್ತು. ನಮ್ಮ ಕಡಿ ಮೇ ಬಿಸಲು ಗೊತ್ತಲ್ರಿ, 42-43 ಡಿಗ್ರಿ, ತಗಡು ಅದಕ್ಕಿಂತ ಸುಡ್ತಿರ್ತದ. ನಾಕು ಗಂಟೇಕ್ಕ ಹೋಗಿ ನೋಡಿದ್ರ ಗ್ಲೂ ಮೆತ್ತಗ ಬೆಲ್ಲದ ಪಾಕ ಆಗಿ ಆರು ಪೀಝೋ ಜಾರಿ ಡಬ್ಬಿ ತಳಕ್ಕ ಬಿದ್ದಿದ್ವು. ಅಂದಿಂದ ಎರಡು ಭಾಗ ಕಲಸೋ ಎಪಾಕ್ಸಿ ಅಷ್ಟೇ, ತೆಳ್ಳಗ ಹಚ್ಚಿ ಒಂದು ರಾತ್ರಿ ಭಾರ ಇಟ್ಟು ಬಿಡ್ತೀನಿ. ಫೋಮ್ ಇರೋ ಡಬಲ್ ಟೇಪ್ ಅಂತೂ ಬ್ಯಾಡೇ ಬ್ಯಾಡ, ಫೋಮ್ ನಡುಕ ಎಲ್ಲಾ ಕುಡದ್ಬಿಡ್ತದ.

ಈಗ ಡಬ್ಬಿ ಬೋರಲ ಇಟ್ಟು, ಆಂಪ್‌ಗೆ ಹಚ್ಚಿ, ಒಂದೊಂದೇ ತೊಗರಿ ಬ್ಯಾಳಿ ಮ್ಯಾಲಿಂದ ಬಿಡ್ರಿ. ಬರೇ ಕಿವಿಗಿ ಟಿಣ್ ಅಂತ ಕೇಳೋದು ಸ್ಪೀಕರ್‌ದಾಗ ಬಾವ್ಯಾಗ ಕಲ್ಲು ಬಿದ್ದಂಗ ಬರ್ತದ, ಹಿಂದಿಂದ ಒಂದು ಉದ್ದನ ಬಾಲ. ಬ್ಯಾಳಿ ಬದಲಿ ಜ್ವಾಳ ಬಿಟ್ರ ಬ್ಯಾರೆ, ಅಂಚಿನ ಹತ್ರ ಬಿಟ್ರ ಬ್ಯಾರೆ. ಇದೇ ಪೀಝೋ ಶಹಾಬಾದ್ ಫರ್ಸಿಗಿ (ನೆಲದ ಕಲ್ಲಿಗಿ) ಒತ್ತಿ ನೋಡ್ರಿ, ಭಾಳ ಮಂದಿ "ಕೆಟ್ಟದ" ಅಂತಾರ, ಕೆಟ್ಟಿಲ್ಲ, ಫರ್ಸಿ ದಪ್ಪ, ತೂಕ, ಅದು ನಡಗೋದೇ ಕಮ್ಮಿ. ಗಟ್ಟಿ ಒತ್ತಿ ಹಿಡಿದು ವಾಲ್ಯೂಮ್ ಏರಿಸಿ ಒಬ್ಬರಿಗಿ ಕಸಬರಗಿ ಎಳೀಲಕ ಹೇಳ್ರಿ, ಆಗ ಬರ್ತದ.

ದನಿ ತೆಳ್ಳಗ ಬರ್ತದ, ದಪ್ಪ ದನಿ ಇಲ್ಲ ಅನ್ನೋ ದೂರು ಖರೇನೇ ಅದ. ಪೀಝೋಕ್ಕ ಕನಿಷ್ಠ 10 ಲಕ್ಷ ಓಂ, ಅಂದ್ರ 1 ಮೆಗಾ ಓಂ ಇನ್‌ಪುಟ್ ಬೇಕು, ಕಂಪ್ಯೂಟರ್ ಸ್ಪೀಕರ್ ಹತ್ತಿಪ್ಪತ್ತು ಸಾವಿರ ಓಂ ಅಷ್ಟೇ ಕೊಡ್ತದ, ಕೆಳಗಿನ ಸ್ವರ ಅಲ್ಲೇ ಸೋರಿ ಹೋಗ್ತಾವ. ಟಿಎಲ್ 072 ಐಸಿಲಿಂದ ಬಫರ್ (ನಡುವ ಸೋರದಂಗ ತಡಿಯೋ ಸರ್ಕ್ಯೂಟ್) ಕಟ್ಟಿದ್ರ ಸರಿ ಆಗ್ತದ, ಆದ್ರ ಮೊದಲನೇ ಡಬ್ಬಿಗಿ ಅದು ಬ್ಯಾಡ ಅಂತೀನಿ, ತಗಡಿಗಿ ತೆಳ್ಳನ ದನಿ ಒಪ್ತದ. ಒಂದೇ ಎಚ್ಚರ: ಪೀಝೋ ಮ್ಯಾಲ ಸೀದಾ ಸುತ್ತಿಗಿ ಹೊಡದ್ರ ಅದರಿಂದ ಹತ್ತಾರು ವೋಲ್ಟ್ ಬರ್ತದ, ಹೆಡ್‌ಫೋನ್ ಹಾಕ್ಕೊಂಡು ಹಂಗ ಮಾಡಬ್ಯಾಡ್ರಿ.

ಹಂತ 5: ಟೇಪ್ ಹೆಡ್, ಕಾಣದ್ದನ್ನ ಕೇಳೋದು

ನನಗ ಎಲ್ಲಾದಕ್ಕಿಂತ ಸೇರೋದು ಇದು. ಕ್ಯಾಸೆಟ್ ಓದೋ ಹೆಡ್ ಒಂದು ಸಣ್ಣ ಕಾಯಿಲ್, ಹತ್ರ ಬಂದ ಕಾಂತ ಶಕ್ತಿ ಕುಣಿದ್ರ ಅದು ಕೇಳ್ತದ. ಎಲ್ಲಾರೂ ಮಾಡೋ ತಪ್ಪು, ಹೆಡ್ ಕಿತ್ತಿ ಸೀದಾ ಕಂಪ್ಯೂಟರ್ ಸ್ಪೀಕರ್‌ಗೆ ಹಚ್ಚೋದು. ಹೆಡ್ ಕೊಡೋದು ಒಂದು ಮಿಲಿವೋಲ್ಟ್‌ಗಿಂತ ಕಮ್ಮಿ, ಸ್ಪೀಕರ್‌ಗೆ ಅದು ತಿಳಿಯಂಗೇ ಇಲ್ಲ. ಅದಕ್ಕೇ ವಾಕ್‌ಮನ್ ಪೂರಾ ಬೇಕು ಅಂದಿದ್ದು. ಅದರ ಬೋರ್ಡ್‌ದಾಗೇ ಹೆಡ್‌ಗೆ ಬೇಕಾದ ಆಂಪ್ ಅದ, ಕೆಟ್ಟಿದ್ದು ಬರೇ ಬೆಲ್ಟ್.

ಸರದಿ: ಸೆಲ್ ಹಾಕಿ ಪ್ಲೇ ಒತ್ತಿ ಹೆಡ್‌ಫೋನ್ ಜ್ಯಾಕ್‌ಲಿಂದ ನಿಮ್ಮ ಆಂಪ್‌ಗೆ ಹಚ್ಚಿ ಸುಯ್ ಅನ್ನೋದು ಬರ್ತದೋ ನೋಡ್ರಿ. ಬಂದ್ರ ಮಾತ್ರ ಮುಂದ. ಮೋಟಾರ್ ವೈರ್ ಒಂದು ಕತ್ತರಿಸ್ರಿ, ಇಲ್ಲಾಂದ್ರ ಹೆಡ್ ಮೋಟಾರ್‌ನೇ ಕೇಳ್ತಾ ಕೂಡ್ತದ. ಹೆಡ್ ಸ್ಕ್ರೂ ಬಿಚ್ಚಿ, ಅದರ ವೈರ್‌ಗೆ ಜಾಳಗಿ ವೈರ್ ಅರ್ಧ ಮೀಟರ್ ಸೇರಿಸಿ ಉದ್ದ ಮಾಡ್ರಿ. ಸಾದಾ ವೈರ್ ಹಾಕಿದ್ರ ಗುಂಯ್ ಬಿಟ್ಟು ಬ್ಯಾರೆ ಏನೂ ಕೇಳಂಗಿಲ್ಲ. ಹೆಡ್‌ಗೆ ಎರಡು ಕಡ್ಡಿ ಇದ್ರ ಮೋನೋ, ನಾಕು ಇದ್ರ ಸ್ಟೀರಿಯೋ, ಒಂದೇ ಜೋಡಿ ಸಾಕು. ಹೆಡ್‌ದ ತಗಡಿನ ಮೈಗಿ ಜಾಳಗಿ ತಾಗಿಸ್ರಿ.

"ಬಿಚ್ಚಿದ ಮ್ಯಾಲ ಸತ್ತ್ಹೋಯ್ತು" ಅನ್ನೋರಿಗಿ: ಪ್ಲೇ ಬಟನ್ ಒತ್ತಿದಾಗ ಒಳಗ ಎರಡು ತಾಮ್ರದ ಪಟ್ಟಿ ಕೂಡಿ ಕರೆಂಟ್ ಕೊಡ್ತಾವ. ಮಶೀನ್ ಬಿಚ್ಚಿ ಬೋರ್ಡ್ ಹೊರಗ ತಗದ್ರ ಆ ಪಟ್ಟಿ ಬಿಟ್ಕೊಂಡಿರ್ತದ. ಎರಡಕ್ಕೂ ಒಂದು ವೈರ್ ಬೆಸುಗಿ ಹಾಕ್ರಿ, ಎದ್ದು ಕೂಡ್ತದ.

ಈಗ ಹೆಡ್ ಕೈಯಾಗ ಹಿಡ್ಕೊಂಡು ಮನಿ ತಿರುಗ್ರಿ. ಮೊಬೈಲ್ ಸ್ಕ್ರೀನ್ ಮ್ಯಾಲ ಒಯ್ರಿ, ಒಂದು ಆ್ಯಪ್ ತೆರದಾಗೊಮ್ಮೆ ಕಿಚಿಪಿಚಿ ಬದಲಾಗ್ತದ. ರಿಮೋಟ್ ಬಟನ್ ಒತ್ತಿದ್ರ ಟರ್ರ್ ಟರ್ರ್. ಎಲೆಕ್ಟ್ರಾನಿಕ್ ಫ್ಯಾನ್ ರೆಗ್ಯುಲೇಟರ್ ಹತ್ರ ಒಂದರಿಂದ ಐದಕ್ಕ ತಿರುವಿದ್ರ ಪ್ರತಿ ನಂಬರ್‌ಗೂ ಬ್ಯಾರೆ ಗುರುಗುರು. ಇನ್ವರ್ಟರ್ ಅಂತೂ ದುರುಗುಟ್ಟಿ ಕೂಗ್ತದ. ನಮ್ಮವ್ವ ಒಂದು ಸಲ ಹೆಡ್‌ಫೋನ್ ಹಾಕ್ಕೊಂಡು ಫ್ರಿಜ್ ಸುತ್ತ ಹೆಡ್ ಆಡಿಸಿ "ಇದು ಒಳಗೊಳಗೇ ಬೈಯ್ಲಕತ್ತದ" ಅಂದಳು. ಎಲ್ಲಾ ಹೊರಗಿಂದೇ, ಪ್ಲಾಸ್ಟಿಕ್ ಮ್ಯಾಲಿಂದೇ ಕೇಳ್ರಿ, ಸ್ವಿಚ್ ಬೋರ್ಡ್ ಬಿಚ್ಚಿ ಒಳಗ ತೂರಸೋ ಹುಚ್ಚುತನ ಬ್ಯಾಡ.

ಕ್ಯಾಸೆಟ್ ರೀಲ್ ಉಳದಿದ್ರ ಬಿಸಾಡಬ್ಯಾಡ್ರಿ. ರಟ್ಟಿನ ಮ್ಯಾಲ ಉದ್ದುದ್ದ ಪಟ್ಟಿ ಅಂಟಿಸಿ, ಕ್ಯಾಸೆಟ್‌ದಾಗ ಹೊರಮುಖ ಇದ್ದ ಬದಿ ಮ್ಯಾಲ ಬರಬೇಕು, ಹೆಡ್ ಅದರ ಮ್ಯಾಲ ಎಳದ್ರ ಹಳೇ ಹಾಡು ತುಂಡು ತುಂಡಾಗಿ ಮಾತಾಡ್ತದ. ಕ್ಯಾಸೆಟ್ ಓಡೋದು ಸೆಕೆಂಡ್‌ಗೆ 4.76 ಸೆಂಟಿಮೀಟರ್, ಅಷ್ಟೇ ಸಾವಕಾಶ ಎಳದ್ರ ಮನಷ್ಯಾರ ದನಿ, ಜೋರಾಗಿ ಎಳದ್ರ ಇಲಿ.

ಹಂತ 6: ಆರು ದನಿಯ ಐಸಿ

ಇಲ್ಲಿ ಒಂದೇ ಒಂದು ಹೊಸ ಸಾಮಾನು ಕೊಳ್ರಿ, ಸಿಡಿ 40106 ಐಸಿ, ಕಾಲು ಉದ್ದ ಇರೋದು, ಇದೊಂದರಾಗೇ ಆರು ದನಿ ಕಟ್ಟಬಹುದು. ಬಾಕಿ ರೆಸಿಸ್ಟರ್, ಕಂಡೆನ್ಸರ್ ಎಲ್ಲಾ ಭಂಗಾರ ಬೋರ್ಡ್‌ಲಿಂದ ಕಿತ್ತಬಹುದು. ಅಂಗಡ್ಯಾಗ 74ಎಚ್‌ಸಿ14 ಕೊಟ್ಟು "ಅದೇ ಇದು" ಅಂದ್ರ ಕೇಳಬ್ಯಾಡ್ರಿ, ಕಾಲು ಒಂದೇ ಥರ, ಆದ್ರ 6 ವೋಲ್ಟ್ ಮ್ಯಾಲ ತಡಿಯಂಗಿಲ್ಲ, 9 ವೋಲ್ಟ್ ಬ್ಯಾಟರಿ ಹಚ್ಚಿದ್ರ ಹೊಗಿ.

ಕಚ್ಚು ಇರೋ ತುದಿ ಮ್ಯಾಲ ಮಾಡಿ ಇಟ್ರ ಎಡಗಡಿ ಮ್ಯಾಲಿಂದು 1ನೇ ಕಾಲು, ಎಣಿಸ್ತಾ ಕೆಳಗ ಬಂದ್ರ 7, ಬಲಗಡಿ ಕೆಳಗಿಂದ ಮ್ಯಾಲ 8ರಿಂದ 14. 14ಕ್ಕ ಬ್ಯಾಟರಿ ಪ್ಲಸ್, 7ಕ್ಕ ಮೈನಸ್. 1ರಿಂದ 7ಕ್ಕ ಒಂದು 0.1 ಮೈಕ್ರೋಫ್ಯಾರಡ್ ಕಂಡೆನ್ಸರ್ (ಮ್ಯಾಲ 104 ಅಂತ ಬರದಿರ್ತದ). 1 ಮತ್ತು 2ರ ನಡುವ 1 ಲಕ್ಷ ಓಂ ರೆಸಿಸ್ಟರ್. 2ನೇ ಕಾಲಿಂದ ಶಬ್ದ ಹೊರಗ. ಇಷ್ಟಕ್ಕ ಸುಮಾರು 100ರಿಂದ 150 ಹರ್ಟ್ಸ್ ಗೊರ್ ಅನ್ನೋ ದನಿ ಬರ್ತದ. ರೆಸಿಸ್ಟರ್ 10 ಸಾವಿರ ಮಾಡಿದ್ರ ಹತ್ತು ಪಟ್ಟು ಮ್ಯಾಲ ಏರ್ತದ, 10 ಲಕ್ಷ ಮಾಡಿದ್ರ ಟಕಟಕ ಟಕಟಕ ಅಂತ ಬಿಡಿ ಬಿಡಿ ಬಡಿತ.

ಸೀದಾ ಕಿವಿಗಿ ಹಚ್ಚಬ್ಯಾಡ್ರಿ, 9 ವೋಲ್ಟ್ ಹೊಡತ ಅದು. 2ನೇ ಕಾಲಿಗಿ 1 ಲಕ್ಷ ಓಂ ಹಾಕಿ, ಅದರ ಇನ್ನೊಂದು ತುದಿಲಿಂದ ಗ್ರೌಂಡ್‌ಗೆ 4.7 ಸಾವಿರ ಓಂ, ಆ ಕೂಡೋ ಜಾಗದಿಂದ ಇನ್ನೊಂದು 104 ಕಂಡೆನ್ಸರ್ ಮೂಲಕ ಆಂಪ್‌ಗೆ. ಈಗ ಅರ್ಧ ವೋಲ್ಟ್ ಒಳಗ ಬಂತು. ಐಸಿ ಗ್ರೌಂಡ್, ಆಂಪ್ ಗ್ರೌಂಡ್ ಒಂದು ವೈರ್‌ಲಿಂದ ಕೂಡಿರಬೇಕು, ಇದನ್ನ ಮರೆಯೋರು ಲೆಕ್ಕ ಇಲ್ಲ.

ಮತ್ತ ಮುಖ್ಯವಾದ್ದು: ಬಳಸದೇ ಬಿಟ್ಟ ಒಳಗಾಲು (ಇನ್‌ಪುಟ್) 3, 5, 9, 11, 13, ಇವು ಎಲ್ಲಾ ಗ್ರೌಂಡ್‌ಗೆ ಹೋಗಬೇಕು. ತೇಲಾಡಲಕ ಬಿಟ್ರ ಕೈ ಹತ್ರ ಬಂದಾಗೊಮ್ಮೆ ದನಿ ನಡಗ್ತದ, ಬ್ಯಾಟರಿ ಜಲ್ದಿ ಮುಗೀತದ. ಹೊರಗಾಲು (ಔಟ್‌ಪುಟ್) 4, 6, 8, 10, 12 ಮಾತ್ರ ಗ್ರೌಂಡ್‌ಗೆ ಹಚ್ಚಬ್ಯಾಡ್ರಿ, ಅವನ್ನ ಸುಮ್ನ ಬಿಡ್ರಿ. ಒಂದು ದನಿ ಖಾತ್ರಿ ಬಂದ ಮ್ಯಾಲ ಎರಡನೇದು ಕಟ್ರಿ, ಆರೂ ಒಮ್ಮೆ ಕಟ್ಟಿದವರ ಡಬ್ಬಿ ನಾ ಇವತ್ತಿನ ತನಕ ಮೊದಲನೇ ಸಲಕ್ಕ ನಡದಿದ್ದು ನೋಡಿಲ್ಲ.

ರೆಸಿಸ್ಟರ್ ಬದಲಿ ಎಲ್‌ಡಿಆರ್ ಹಾಕಿದ್ರ ನೆರಳಿಗಿ ದನಿ ಇಳೀತದ, ಬೆಳಕಿಗಿ ಏರ್ತದ, ಅಂಗೈ ಆಡಿಸಿ ಬಾರಿಸಬಹುದು. ಖೋಲಿದಾಗ ಛಲೋ ನಡಿತಿದ್ದದ್ದು ಅಂಗಳಕ್ಕ ಒಯ್ದ ಕೂಡ್ಲೆ ಸತ್ತ್ಹೋಗ್ತದ ಅಂತ ಹೇಳ್ತಾರ. ಸತ್ತಿಲ್ರಿ. ನಮ್ಮ ಬಿಸಲಾಗ ಎಲ್‌ಡಿಆರ್ ಸಾವಿರ ಓಂಗಿಂತ ಕೆಳಗ ಇಳೀತದ, ದನಿ 20,000 ಹರ್ಟ್ಸ್ ಕಡಿ ಓಡಿ ಹೋಗ್ತದ, ನಾಯಿಗಿ ಕೇಳಬಹುದು, ನಮಗ ಇಲ್ಲ. ಎಲ್‌ಡಿಆರ್ ಜೋಡಿ ಸಾಲಾಗಿ ಒಂದು 10 ಸಾವಿರ ಓಂ ರೆಸಿಸ್ಟರ್ ಸೇರಿಸ್ರಿ, ಎಷ್ಟು ಬಿಸಲಿದ್ರೂ ಸಾವಿರ ಚಿಲ್ಲರೆ ಹರ್ಟ್ಸ್‌ಗೆ ನಿಲ್ತದ.

ಹಂತ 7: ಹಾರ್ಡ್ ಡಿಸ್ಕ್ ಸ್ಪೀಕರ್ (ಬೇಕಾದ್ರ)

ಮುಚ್ಚಳ ಬಿಚ್ಚಿದ್ರ ಒಳಗ ಕನ್ನಡಿ ಹಂಗ ತಾಟು, ಅದರ ಮ್ಯಾಲ ಒಂದು ತೋಳು. ಸ್ಟಿಕ್ಕರ್ ಕೆಳಗೂ ಒಂದು ಸ್ಕ್ರೂ ಇರ್ತದ, ಬೆರಳಾಡಿಸಿ ಹುಡುಕ್ರಿ, ಜಗ್ಗಿ ಮುರೀಬ್ಯಾಡ್ರಿ. ತೋಳಿನ ಬುಡದಾಗ ತಾಮ್ರದ ಕಾಯಿಲ್, ಅದರ ಎರಡು ತುದಿ ಮೀಟರ್‌ಲಿಂದ ಹುಡುಕ್ರಿ. 4 ಓಂಗಿಂತ ಕಮ್ಮಿ ತೋರಿಸಿದ್ರ ಆಂಪ್‌ಗೆ ಹಚ್ಚಬ್ಯಾಡ್ರಿ. ಜಾಸ್ತಿ ಇದ್ರ ಸ್ಪೀಕರ್ ಬದಲಿ ಇದನ್ನ ಹಚ್ಚಿ 40106 ದನಿ ಕೊಡ್ರಿ, ತೋಳು ತಾಟಿಗಿ ಬಡಕೊಂಡು ತಗಡಿನ ಜೀರುಂಡಿ ಹಂಗ ಕೂಗ್ತದ. ಐದು ನಿಮಿಷಕ್ಕೊಮ್ಮೆ ಕಾಯಿಲ್ ಮುಟ್ಟಿ ನೋಡ್ರಿ, ಬೆರಳಿಡಲಕ ಆಗವಲ್ದು ಅಂದ್ರ ನಿಲ್ಲಿಸ್ರಿ. ಮ್ಯಾಗ್ನೆಟ್ ಎರಡು ಬ್ಯಾರೆ ಮಾಡಲಕ ಹೋದ್ರ ಬೆರಳು ನಡುವ ಸಿಕ್ಕಿ ರಕ್ತ ಬರ್ತದ. ಲ್ಯಾಪ್‌ಟಾಪ್ ಡಿಸ್ಕ್ ಬ್ಯಾಡ ಅಂದಿದ್ದು ಅದರ ತಾಟು ಹೆಚ್ಚಾಗಿ ಗಾಜಿಂದು, ಚೂರು ಚೂರಾಗಿ ಸಿಡೀತದ.

ಹಂತ 8: ಡಬ್ಬಿಗಿ ಕೂಡಿಸೋದು, ಗುಂಯ್ ಓಡಿಸೋದು

ಕಿವಿಗಿ ಕರೆಂಟ್ ಪವರ್ ಬ್ಯಾಂಕ್‌ಲಿಂದ, ಐಸಿಗಿ 9 ವೋಲ್ಟ್ ಬ್ಯಾಟರಿ, ವಾಕ್‌ಮನ್‌ಗೆ ತನ್ನ ಸೆಲ್. ಎಲ್ಲಾ ಒಂದೇ ಚಾರ್ಜರ್‌ಗೆ ಹಚ್ಚಲಕ ಹೋಗಬ್ಯಾಡ್ರಿ, ಅಗ್ಗದ ಚಾರ್ಜರ್ ಕೀಂ ಅನ್ನೋದು ಡಬ್ಬಿ ತುಂಬ ತುಂಬ್ಕೋತದ. ಪವರ್ ಬ್ಯಾಂಕ್‌ದು ಒಂದು ಚಾಳಿ ಅದ: ಕಮ್ಮಿ ಕರೆಂಟ್ ಎಳದ್ರ ಫೋನ್ ತೆಗೆದ್ರು ಅಂತ ತಿಳ್ಕೊಂಡು ಅರ್ಧ ನಿಮಿಷಕ್ಕ ತಾನೇ ಬಂದ್ ಆಗ್ತದ. ಡಬ್ಬಿ ಸುಮ್ನಿದ್ದಾಗ ಮಾತ್ರ ಸಾಯ್ತದ, ಜೋರಾಗಿ ಬಾರಿಸ್ತಿದ್ರ ಸಾಯಂಗಿಲ್ಲ ಅಂದ್ರ ಇದೇ ರೋಗ. ಜೋಡಿ ಒಂದು ಸಣ್ಣ ಯುಎಸ್‌ಬಿ ಲೈಟ್ ಹಚ್ಚಿಡ್ರಿ, ಹೋಗ್ತದ.

ಡಬ್ಬಿ ತಗಡು ಗ್ರೌಂಡ್‌ಗೆ ಒಂದೇ ಜಾಗದಾಗ ತಾಗಿಸ್ರಿ. ಬೋರ್ಡ್ ಕೆಳಗ ರಟ್ಟು ಹಾಕ್ರಿ, ಕಟ್ ಮಾಡಿದ ಒಂದು ಕಡ್ಡಿ ತುಣುಕು ತಗಡಿಗಿ ಬಿದ್ದು ಶಾರ್ಟ್ ಆಗೋದು ದಿನದ ಮಾತು.

ಗುಂಯ್ ಹೋಗವಲ್ದು ಅಂದ್ರ ನಾ ಹೇಳೋ ಪರೀಕ್ಷಾ ಕರೆಂಟ್ ಹೋದಾಗ ಮಾಡೋದು, ನಮಗ ಅದಕ್ಕೇನು ಬರಗಾಲ ಇಲ್ಲ. ಓಣಿ ಕರೆಂಟ್ ಹೋಗಿ ಗುಂಯ್ ನಿಂತ್ರ ಅದು ಹೊರಗಿಂದು, ನಿಮ್ಮ ಜಾಳಗಿ ಎಲ್ಲೋ ಬಿಟ್ಕೊಂಡದ. ಕತ್ತಲಾಗೂ ಗುಂಯ್ ಅಂತಿದ್ರ ತಪ್ಪು ಡಬ್ಬಿ ಒಳಗೇ ಅದ. ಮನ್ಯಾಗ ಇನ್ವರ್ಟರ್ ಇದ್ರ ಅದನ್ನೂ ಬಂದ್ ಮಾಡಿ ನೋಡ್ರಿ, ಇಲ್ಲಾಂದ್ರ ಸುಳ್ಳು ಉತ್ತರ ಸಿಗ್ತದ.

ಕೀರಲು ಸೀಟಿ ಬಂದ್ರ ಸ್ಪೀಕರ್ ಶಬ್ದ ವಾಪಸ್ ಪೀಝೋಕ್ಕ ಹೋಗ್ಲಕತ್ತದ, ಸ್ಪೀಕರ್ ಡಬ್ಬಿಲಿಂದ ಹೊರಗ ತಗದು ಇಡ್ರಿ. ಅಥವಾ ಹಂಗೇ ಬಿಡ್ರಿ, ಡಬ್ಬಿ ಮ್ಯಾಲ ಅಂಗೈ ಇಟ್ಟು ತಗದು ಆ ಸೀಟಿನೇ ಬಾರಿಸೋರು ಇದ್ದಾರ. ಐಸಿ ಬಿಸಿ ಆದ್ರ ಒಂದು ಕ್ಷಣನೂ ಕಾಯಬ್ಯಾಡ್ರಿ, ಬ್ಯಾಟರಿ ಕಿತ್ತಿ ಪ್ಲಸ್ ಮೈನಸ್ ಉಲ್ಟಾ ಆಗ್ಯಾದೇನು ನೋಡ್ರಿ. ಕೊಳತ ಮೀನಿನ ಹಂಗ ವಾಸನಿ ಬಂದ್ರ ಪ್ಲಸ್ ಮೈನಸ್ ಇರೋ ಕಂಡೆನ್ಸರ್ ಉಲ್ಟಾ ಹಾಕೀರಿ.

ಹಂತ 9: ಉಳದದ್ದನ್ನ ಏನು ಮಾಡೋದು

ತಾಮ್ರಕ್ಕಾಗಿ ವೈರ್ ಸುಡಬ್ಯಾಡ್ರಿ, ಆ ಹೊಗಿ ವಿಷ. ಲೆಡ್ ಮುಟ್ಟಿದ ಕೈ ಸೋಪ್ ಹಾಕಿ ತೊಳದ ಮ್ಯಾಲೇ ರೊಟ್ಟಿ ಮುಟ್ಟಬೇಕು, ಸಣ್ಣ ಹುಡುಗರು ಇರೋ ಮನ್ಯಾಗ ಸೋಲ್ಡರ್ ಮಾಡಿದ ಜಾಗ ಒದ್ದಿ ಅರಬಿಲಿಂದ ಒರಸ್ರಿ, ಕಸಬರಗಿ ಹೊಡದು ಧೂಳ ಎಬ್ಬಿಸಬ್ಯಾಡ್ರಿ. ಉಳದ ಬೋರ್ಡ್ ಒಂದು ಚೀಲದಾಗ, ಬ್ಯಾಟರಿ ಬ್ಯಾರೆ ಡಬ್ಬಿದಾಗ, ಕಡ್ಡಿಗಳಿಗಿ ಟೇಪ್ ಹಚ್ಚಿ. ಹೊಸ ಇ-ತ್ಯಾಜ್ಯ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಾಗ್ಯಾವ, ಅವುಗಳ ಪ್ರಕಾರ ಬೋರ್ಡ್ ನೋಂದಣಿ ಆದ ರಿಸೈಕ್ಲರ್ ಕೈಗೇ ಹೋಗಬೇಕು, ಕಸದ ಗಾಡಿಗಲ್ಲ. ನಾ ಒಂದು ಚೀಲ ತುಂಬೋ ತನಕ ಕಾದು ಒಮ್ಮೆಗೇ ಕೊಡ್ತೀನಿ.

ಡಬ್ಬಿ ಕಪಾಟಿಗಿ ಇಡೋ ಮೊದ್ಲ ಸೆಲ್ ತೆಗೀರಿ. ಮಳಿಗಾಲ ಮುಗಿದ ಮ್ಯಾಲ ವಾಕ್‌ಮನ್ ತೆರದು ನೋಡಿದಾಗ ಸೆಲ್ ಸೋರಿ ಸ್ಪ್ರಿಂಗ್ ಎಲ್ಲಾ ಹಸರು ಹಿಟ್ಟಾಗಿರ್ತದ, ಹಂಗ ಆಗಿದ್ರೂ ಬಿಸಾಡಬ್ಯಾಡ್ರಿ, ಹತ್ತಿ ಉಂಡಿಗಿ ಲಿಂಬಿ ರಸ ಹಚ್ಚಿ ತಿಕ್ಕಿ, ನೀರಿನ ಅರಬಿಲಿಂದ ಒರಸಿ, ಒಂದು ದಿನ ಒಣಗಿಸಿ, ಮತ್ತ ಬೆರಳಿನ ಪರೀಕ್ಷಾ ಮಾಡಿ ನೋಡ್ರಿ.